‘ಶಾಕ್ ಪ್ರೂಫ್’ ಎಂದರೆ ಯಾರಿಗೆ ರಕ್ಷಣೆ?

ಅಂಗಡಿಗೆ ಹೋಗಿ ಇಸ್ತ್ರಿ ಪೆಟ್ಟಿಗೆಯನ್ನೋ ಗೀಸರನ್ನೋ ಕೊಳ್ಳುವಾಗ ‘ಇದು ಶಾಕ್ ಪ್ರೂಫ್ ತಾನೆ?’ ಎಂದು ಕೇಳುವುದು ನಮ್ಮಲ್ಲಿ ವಾಡಿಕೆ. ‘ಹೌದು ಸಾರ್, ಪೂರ್ತಿ ಶಾಕ್ ಪ್ರೂಫ್’ ಎಂಬ ಉತ್ತರ ಬಂದರೆ ಮನಸ್ಸಿಗೆ ಸಮಾಧಾನ. ಆದರೆ ಆ ಮಾತಿನ ಅರ್ಥವೇನು? ಯಾವ ಶಾಕಿನಿಂದ, ಯಾರಿಗೆ, ಎಷ್ಟರ ಮಟ್ಟಿಗೆ ರಕ್ಷಣೆ? ಇದನ್ನು ಕೇಳುವವರೂ ಕಡಿಮೆ, ಹೇಳುವವರೂ ಕಡಿಮೆ.

ಇದು ಬರೀ ಶಬ್ದಾರ್ಥದ ಚರ್ಚೆಯಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಗಳನ್ನು ನೋಡಿದರೆ, ಇತ್ತೀಚಿನ ವರ್ಷಗಳಲ್ಲಿ ನಮ್ಮ ದೇಶದಲ್ಲಿ ವಿದ್ಯುದಾಘಾತದಿಂದ ಸಾಯುವವರ ಸಂಖ್ಯೆ ವರ್ಷಕ್ಕೆ ಹತ್ತು ಸಾವಿರವನ್ನು ಮೀರಿದೆ. ಬಚ್ಚಲುಮನೆ, ಬಟ್ಟೆ ಒಣಹಾಕುವ ತಂತಿ, ತೋಟದ ಪಂಪ್‌ಸೆಟ್ಟು ಇವೆಲ್ಲ ಇಂಥ ಸಾವುಗಳು ಸಂಭವಿಸುವ ಜಾಗಗಳು. ಸರಿಯಾದ ಸಾಧನವನ್ನು ಸರಿಯಾದ ಹೆಸರಿನಿಂದ ಕೇಳಿ ಹಾಕಿಸಿಕೊಂಡಿದ್ದರೆ ಇವುಗಳಲ್ಲಿ ಎಷ್ಟನ್ನೋ ತಪ್ಪಿಸಬಹುದು.

ಒಂದೇ ಪದ, ಹಲವು ಅರ್ಥ

ಮೊದಲು ‘ಶಾಕ್’ ಎಂಬ ಪದವನ್ನು ನೋಡೋಣ. ಬೆಂಗಳೂರಿನಲ್ಲಿ ತಯಾರಾಗುತ್ತಿದ್ದ ಎಚ್‌ಎಂಟಿ ಕೈಗಡಿಯಾರಗಳ ಮುಖದ ಮೇಲೆ ‘ಪ್ಯಾರಾಶಾಕ್’ ಎಂದು ಅಚ್ಚಾಗಿರುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಅಲ್ಲಿ ಶಾಕ್ ಎಂದರೆ ಪೆಟ್ಟು. ಗಡಿಯಾರ ಕೈಜಾರಿ ಬಿದ್ದರೂ ಒಳಗಿನ ಸೂಕ್ಷ್ಮ ಅಚ್ಚು ಮುರಿಯದಂತೆ ಸ್ಪ್ರಿಂಗಿನ ಆಸರೆ ಇದೆ ಎಂದು ಅದರ ಅರ್ಥ. ಅದಕ್ಕೂ ವಿದ್ಯುತ್ತಿಗೂ ಸಂಬಂಧವಿಲ್ಲ.

ವೈದ್ಯರು ‘ರೋಗಿ ಶಾಕ್‌ನಲ್ಲಿದ್ದಾರೆ’ ಎಂದಾಗ ಅರ್ಥ ಮತ್ತೊಂದು. ಅತಿಯಾದ ರಕ್ತಸ್ರಾವ, ತೀವ್ರ ಸೋಂಕು, ಹೃದಯದ ವೈಫಲ್ಯ ಇಂಥ ಕಾರಣಗಳಿಂದ ರಕ್ತದ ಒತ್ತಡ ಕುಸಿದು, ಅಂಗಾಂಗಗಳಿಗೆ ಸಾಕಷ್ಟು ರಕ್ತ ಸಿಗದ ಸ್ಥಿತಿ ಅದು.

ಮೂರನೆಯದು ನಾವು ‘ಕರೆಂಟ್ ಹೊಡೆಯಿತು’ ಎನ್ನುವ ಶಾಕ್. ವಿದ್ಯುತ್ತು ನಮ್ಮ ದೇಹವನ್ನೇ ದಾರಿ ಮಾಡಿಕೊಂಡು ಹರಿದಾಗ ಆಗುವ ಆಘಾತ. ಈ ಲೇಖನದ ವಿಷಯ ಇದೇ.

ಗೃಹೋಪಯೋಗಿ ವಸ್ತುಗಳ ವಿಷಯದಲ್ಲಿ ‘ಶಾಕ್ ಪ್ರೂಫ್’ ಎಂಬುದು ಅಂಗಡಿಯ ಮಾತು. ವಿದ್ಯುತ್ ಸುರಕ್ಷತೆ ಬಲ್ಲವರು ರಕ್ಷಣೆ ಹೇಗೆ ಸಿಗುತ್ತದೆ ಎಂಬುದನ್ನು ಬಿಡಿಸಿ ಹೇಳುತ್ತಾರೆ: ಹೊದಿಕೆಯಿಂದಲೋ, ಅರ್ಥಿಂಗ್‌ನಿಂದಲೋ, ಕರೆಂಟ್ ಸೋರಿದಾಗ ಸರಬರಾಜು ಕಡಿಯುವ ಸ್ವಿಚ್ಚಿನಿಂದಲೋ? ನಾವೂ ಹಾಗೆಯೇ ಬಿಡಿಸಿ ತಿಳಿಯಬೇಕು.

ದೇಹದೊಳಗೆ ಆಗುವುದೇನು?

ನಮ್ಮ ಹೃದಯದ ಬಡಿತ, ಸ್ನಾಯುಗಳ ಚಲನೆ ಎಲ್ಲವೂ ನಡೆಯುವುದು ಅತಿ ಸಣ್ಣ ವಿದ್ಯುತ್ ಸಂಕೇತಗಳಿಂದ. ಹೊರಗಿನ ವಿದ್ಯುತ್ತು ನುಗ್ಗಿದಾಗ ಈ ವ್ಯವಸ್ಥೆ ಕಂಗೆಡುತ್ತದೆ. ಎಷ್ಟು ಹಾನಿ ಎಂಬುದು ಮುಖ್ಯವಾಗಿ ಮೂರು ಸಂಗತಿಗಳನ್ನು ಅವಲಂಬಿಸಿದೆ: ಎಷ್ಟು ಕರೆಂಟು ಹರಿಯಿತು, ಎಷ್ಟು ಹೊತ್ತು ಹರಿಯಿತು, ಯಾವ ದಾರಿಯಲ್ಲಿ ಹರಿಯಿತು.

ಕರೆಂಟಿನ ಅಳತೆ ಆಂಪಿಯರ್. ಅದರ ಸಾವಿರದ ಒಂದು ಭಾಗ ಮಿಲಿ ಆಂಪಿಯರ್. ಸುಮಾರು 1 ಮಿಲಿ ಆಂಪಿಯರ್ ಹರಿದರೆ ಚುರುಕ್ ಎಂದು ಅನುಭವಕ್ಕೆ ಬರುತ್ತದೆ. 10 ಮಿಲಿ ಆಂಪಿಯರ್ ದಾಟಿದರೆ ಕೈಯ ಸ್ನಾಯುಗಳು ಬಿಗಿದುಕೊಂಡು, ಹಿಡಿದ ವಸ್ತುವನ್ನು ಬಿಡಲು ಆಗದಂತಾಗಬಹುದು. ‘ಕರೆಂಟು ಎಳೆದುಕೊಂಡಿತು’ ಎಂದು ಜನ ಹೇಳುವುದು ಇದನ್ನೇ. ವಾಸ್ತವವಾಗಿ ಕರೆಂಟು ಎಳೆಯುವುದಿಲ್ಲ, ನಮ್ಮ ಮುಷ್ಟಿಯೇ ಬಿಚ್ಚುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರೊ. ಚಾರ್ಲ್ಸ್ ಡಾಲ್‌ಜಿಯಲ್ ಸ್ವಯಂಸೇವಕರ ಮೇಲೆ ಎಚ್ಚರಿಕೆಯಿಂದ ನಡೆಸಿದ ಪ್ರಯೋಗಗಳಲ್ಲಿ ಈ ‘ಕೈ ಬಿಡುವ ಮಿತಿ’ ಗಂಡಸರಲ್ಲಿ ಸರಾಸರಿ ಸುಮಾರು 16, ಹೆಂಗಸರಲ್ಲಿ ಸುಮಾರು 10.5 ಮಿಲಿ ಆಂಪಿಯರ್ ಎಂದು ಕಂಡುಬಂತು. ಮಕ್ಕಳಲ್ಲಿ ಇದು ಇನ್ನೂ ಕಡಿಮೆ.

ಕರೆಂಟು ಇನ್ನಷ್ಟು ಏರಿದರೆ ಎದೆಯ ಸ್ನಾಯುಗಳು ಬಿಗಿದು ಉಸಿರಾಟ ಕಷ್ಟವಾಗುತ್ತದೆ. 50ರಿಂದ 100 ಮಿಲಿ ಆಂಪಿಯರ್ ಅಥವಾ ಅದಕ್ಕೂ ಹೆಚ್ಚು ಕರೆಂಟು ಒಂದೆರಡು ಸೆಕೆಂಡು ಎದೆಯ ಮೂಲಕ ಹರಿದರೆ ಹೃದಯದ ಕೆಳಕೋಣೆಗಳು ಬಡಿಯುವುದನ್ನು ಬಿಟ್ಟು ಬರಿದೆ ಅದುರತೊಡಗಬಹುದು. ಅದುರುವ ಹೃದಯ ರಕ್ತವನ್ನು ಪಂಪ್ ಮಾಡದು. ಕೆಲವೇ ನಿಮಿಷಗಳಲ್ಲಿ ಮಿದುಳಿಗೆ ಹಾನಿಯಾಗಿ ಸಾವು ಸಂಭವಿಸುತ್ತದೆ.

ಇನ್ನು ನಮ್ಮ ಮನೆಗೆ ಬರುವ 230 ವೋಲ್ಟಿನ ಲೆಕ್ಕ ನೋಡಿ. ಒಣ ಚರ್ಮ ಕರೆಂಟಿಗೆ ಸಾಕಷ್ಟು ತಡೆ ಒಡ್ಡುತ್ತದೆ. ಅದೇ ಮೈ ಒದ್ದೆಯಾಗಿದ್ದರೆ ಈ ತಡೆ ಸುಮಾರು 1000 ಓಮ್‌ಗೆ ಇಳಿಯಬಹುದು. 230ನ್ನು 1000ದಿಂದ ಭಾಗಿಸಿದರೆ 0.23 ಆಂಪಿಯರ್, ಅಂದರೆ 230 ಮಿಲಿ ಆಂಪಿಯರ್. ಹೃದಯ ನಿಲ್ಲಿಸಲು ಇದು ಧಾರಾಳವಾಗಿ ಸಾಕು. 40 ವ್ಯಾಟಿನ ಹಳೆಯ ಬಲ್ಬು ಉರಿಯಲು ಬೇಕಾಗುವುದು ಸುಮಾರು 170 ಮಿಲಿ ಆಂಪಿಯರ್. ಒಂದು ಮಂದ ಬಲ್ಬನ್ನು ಉರಿಸುವಷ್ಟು ಕರೆಂಟಿಗೆ ಮನುಷ್ಯನ ಜೀವ ತೆಗೆಯುವ ಶಕ್ತಿಯಿದೆ.

ಫ್ಯೂಸ್ ಕಾಯುವುದು ತಂತಿಯನ್ನು

‘ನಮ್ಮ ಮನೆಯಲ್ಲಿ ಫ್ಯೂಸ್ ಇದೆ, ಎಂಸಿಬಿ ಹಾಕಿಸಿದ್ದೇವೆ, ಶಾಕ್ ಹೊಡೆದರೆ ಟ್ರಿಪ್ ಆಗುತ್ತದೆ’ ಎಂಬುದು ಬಹಳ ಮಂದಿಯ ನಂಬಿಕೆ. ಇದು ಅಪಾಯಕಾರಿ ತಪ್ಪು ತಿಳಿವಳಿಕೆ.

ಫ್ಯೂಸ್ ಮತ್ತು ಎಂಸಿಬಿ ಇರುವುದು ಅತಿಯಾದ ಕರೆಂಟಿನಿಂದ ತಂತಿ ಕಾದು ಬೆಂಕಿ ಹೊತ್ತದಂತೆ ಕಾಯುವುದಕ್ಕೆ. ದೀಪ ಫ್ಯಾನುಗಳ ಸಾಲಿಗೆ 6 ಆಂಪಿಯರ್, ಗೀಸರಿನ ಸಾಲಿಗೆ 16 ಅಥವಾ 20 ಆಂಪಿಯರ್ ಎಂಸಿಬಿ ಇರುತ್ತದೆ. ಮನುಷ್ಯನನ್ನು ಕೊಲ್ಲಲು ಕಾಲು ಆಂಪಿಯರಿಗಿಂತ ಕಡಿಮೆ ಸಾಕು ಎಂದು ಈಗ ತಾನೆ ನೋಡಿದೆವು. ಆರು ಆಂಪಿಯರಿಗಾಗಿ ಕಾದು ಕುಳಿತ ಕಾವಲುಗಾರನಿಗೆ ಕಾಲು ಆಂಪಿಯರ್ ಕಣ್ಣಿಗೇ ಬೀಳುವುದಿಲ್ಲ. ಅದು ಇನ್ನೊಂದು ಬಲ್ಬು ಹೊತ್ತಿದಂತೆ, ಅಷ್ಟೆ. ಎಂಸಿಬಿ ಬೇಕೇ ಬೇಕು, ಆದರೆ ಅದು ತಂತಿಯ ರಕ್ಷಕ. ಮನುಷ್ಯನ ರಕ್ಷಕ ಅಲ್ಲ.

ಅರ್ಥಿಂಗ್: ಅರ್ಧ ರಕ್ಷಣೆ

ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ಪಿನ್ನು ಉಳಿದೆರಡಕ್ಕಿಂತ ದಪ್ಪ ಮತ್ತು ಉದ್ದ. ಅದು ಅರ್ಥ್ ಪಿನ್. ಪ್ಲಗ್ ಹಾಕುವಾಗ ಎಲ್ಲಕ್ಕಿಂತ ಮೊದಲು ಕೂಡಿಕೊಂಡು, ತೆಗೆಯುವಾಗ ಎಲ್ಲಕ್ಕಿಂತ ಕೊನೆಗೆ ಬಿಡಲಿ ಎಂದೇ ಅದನ್ನು ಉದ್ದ ಮಾಡಿದ್ದಾರೆ. ಗೀಸರು, ಇಸ್ತ್ರಿ ಪೆಟ್ಟಿಗೆ, ಫ್ರಿಜ್ಜು, ವಾಷಿಂಗ್ ಮೆಷೀನ್ ಮುಂತಾದ ಲೋಹದ ಮೈಯುಳ್ಳ ಉಪಕರಣಗಳಲ್ಲಿ ಒಳಗಿನ ತಂತಿ ಸವೆದು ಮೈಗೆ ತಾಗಿದರೆ, ಆ ಕರೆಂಟು ನಮ್ಮ ಬದಲು ನೆಲಕ್ಕೆ ಹರಿದುಹೋಗಲು ಈ ಪಿನ್ನು ದಾರಿ ಕೊಡುತ್ತದೆ.

ದಾರಿ ಚೆನ್ನಾಗಿದ್ದರೆ ಸರಿ. ಚೆನ್ನಾಗಿಲ್ಲದಿದ್ದರೆ? ಅಂಗಳದ ಅರ್ಥ್ ಗುಂಡಿ ಬೇಸಿಗೆಯಲ್ಲಿ ಒಣಗಿ, ತಂತಿ ತುಕ್ಕು ಹಿಡಿದು, ತಡೆ 50 ಓಮ್‌ಗೆ ಏರಿದೆ ಎಂದುಕೊಳ್ಳಿ. ಆಗ ನೆಲಕ್ಕೆ ಹರಿಯುವುದು 230 ಭಾಗಿಸು 50, ಅಂದರೆ 4.6 ಆಂಪಿಯರ್ ಮಾತ್ರ. 16 ಆಂಪಿಯರಿನ ಎಂಸಿಬಿ ಇದಕ್ಕೆ ಬೀಳುವುದಿಲ್ಲ. ಗೀಸರಿನ ಮೈಯಲ್ಲಿ ಕರೆಂಟು ಹಾಗೇ ನಿಂತಿರುತ್ತದೆ. ನಲ್ಲಿ ಮುಟ್ಟಿದವರಿಗೆ ಆಘಾತ ತಪ್ಪಿದ್ದಲ್ಲ. ಅರ್ಥಿಂಗ್ ಇದೆ, ಎಂಸಿಬಿಯೂ ಇದೆ, ಆದರೂ ರಕ್ಷಣೆ ಇಲ್ಲ ಎಂಬ ಪರಿಸ್ಥಿತಿ ಹೀಗೆ ಉಂಟಾಗುತ್ತದೆ.

ಇನ್ನೊಂದು ಕೆಟ್ಟ ರೂಢಿಯೂ ಇದೆ. ಅರ್ಥ್ ತಂತಿ ಎಳೆಯುವ ಖರ್ಚು ಉಳಿಸಲು ಕೆಲವರು ಸಾಕೆಟ್ಟಿನ ಒಳಗೇ ನ್ಯೂಟ್ರಲನ್ನೂ ಅರ್ಥನ್ನೂ ತುಂಡು ತಂತಿಯಿಂದ ಜೋಡಿಸಿಬಿಡುತ್ತಾರೆ. ನ್ಯೂಟ್ರಲ್ ಎಲ್ಲಾದರೂ ಕಡಿದರೆ ಉಪಕರಣದ ಇಡೀ ಮೈಗೆ 230 ವೋಲ್ಟ್ ಬರುತ್ತದೆ. ಇದನ್ನು ಎಂದಿಗೂ ಮಾಡಿಸಬೇಡಿ.

ಮನುಷ್ಯನ ಕಾವಲಿಗೆ 30ರ ಸ್ವಿಚ್ಚು

ಮನುಷ್ಯನನ್ನು ಕಾಯಲೆಂದೇ ಇರುವ ಸಾಧನ ಬೇರೆ. ಅದರ ಈಗಿನ ಹೆಸರು ಆರ್‌ಸಿಸಿಬಿ. ಅಂಗಡಿಗಳಲ್ಲಿ, ಎಲೆಕ್ಟ್ರಿಷಿಯನ್ನರ ಬಾಯಲ್ಲಿ ಇಂದಿಗೂ ಹಳೆಯ ಹೆಸರಾದ ‘ಇಎಲ್‌ಸಿಬಿ’ಯೇ ಬಳಕೆಯಲ್ಲಿದೆ. ನಿಜವಾದ ಹಳೆಯ ಇಎಲ್‌ಸಿಬಿಯ ರಚನೆ ಬೇರೆ. ಅದು ಅರ್ಥ್ ತಂತಿಯಲ್ಲಿ ವೋಲ್ಟೇಜ್ ಏರಿದ್ದನ್ನು ನೋಡಿ ಬೀಳುತ್ತಿತ್ತು. ಈಗ ಮಾರಾಟವಾಗುವುದು ಕರೆಂಟಿನ ಸೋರಿಕೆಯನ್ನೇ ನೇರವಾಗಿ ಅಳೆಯುವ ಬಗೆ. ಆದ್ದರಿಂದ ಬಿಲ್ಲಿನಲ್ಲೂ ಸ್ವಿಚ್ಚಿನ ಮೇಲೂ ‘ಆರ್‌ಸಿಸಿಬಿ’ ಎಂದಿದೆಯೇ ನೋಡಿಕೊಳ್ಳಿ.

ಅದು ಕೆಲಸ ಮಾಡುವ ರೀತಿ ಸರಳ. ಮನೆಯೊಳಗೆ ಫೇಸ್ ತಂತಿಯಲ್ಲಿ ಹೋದಷ್ಟೇ ಕರೆಂಟು ನ್ಯೂಟ್ರಲ್ ತಂತಿಯಲ್ಲಿ ಹಿಂದಿರುಗಬೇಕು. ಈ ಎರಡೂ ತಂತಿಗಳು ಸ್ವಿಚ್ಚಿನೊಳಗಿನ ಒಂದು ಬಳೆಯ ಮೂಲಕ ಹಾದುಹೋಗುತ್ತವೆ. ಹೋದದ್ದೂ ಬಂದದ್ದೂ ಸಮವಾಗಿದ್ದರೆ ಬಳೆ ಸುಮ್ಮನಿರುತ್ತದೆ. ಹೋದದ್ದರಲ್ಲಿ ಸ್ವಲ್ಪ ಹಿಂದಿರುಗಲಿಲ್ಲವೆಂದರೆ ಅದು ಬೇರೆ ಯಾವುದೋ ದಾರಿಯಲ್ಲಿ ನೆಲಕ್ಕೆ ಹೋಗಿದೆ ಎಂದರ್ಥ. ಆ ದಾರಿ ಒಬ್ಬರ ದೇಹವೂ ಆಗಿರಬಹುದು. ಕೂಡಲೇ ಸ್ವಿಚ್ಚು ಬಿದ್ದು ಸರಬರಾಜು ನಿಲ್ಲುತ್ತದೆ. ಇದೇ ತತ್ತ್ವದ ಮೇಲೆ ಮನೆಬಳಕೆಯ ರಕ್ಷಣಾ ಸಾಧನವನ್ನು 1961ರಲ್ಲಿ ರೂಪಿಸಿದವರು ಮೇಲೆ ಹೇಳಿದ ಡಾಲ್‌ಜಿಯಲ್ ಅವರೇ.

ಈ ಸ್ವಿಚ್ಚುಗಳು 30, 100, 300 ಮಿಲಿ ಆಂಪಿಯರಿನ ಬಗೆಗಳಲ್ಲಿ ಸಿಗುತ್ತವೆ. ಇಲ್ಲಿ ಎಚ್ಚರ ಅಗತ್ಯ. 300ರದ್ದು ಮುಖ್ಯವಾಗಿ ಬೆಂಕಿ ಅನಾಹುತ ತಪ್ಪಿಸಲು ಇರುವಂಥದ್ದು. ಮನುಷ್ಯನ ರಕ್ಷಣೆಗೆ ಬೇಕಾದದ್ದು 30 ಮಿಲಿ ಆಂಪಿಯರಿನದು. ಅಷ್ಟು ಸೋರಿಕೆಯಾದರೆ ಅದು 0.3 ಸೆಕೆಂಡಿನೊಳಗೆ ಬೀಳಬೇಕು. ಸೋರಿಕೆ 150 ಮಿಲಿ ಆಂಪಿಯರ್ ಮುಟ್ಟಿದರೆ 0.04 ಸೆಕೆಂಡಿನಲ್ಲೇ ಬೀಳಬೇಕು. ಹೃದಯದ ಒಂದು ಬಡಿತಕ್ಕೆ ಸುಮಾರು 0.8 ಸೆಕೆಂಡು ಬೇಕು. ಅಂದರೆ ಒಂದು ಬಡಿತ ಮುಗಿಯುವುದರೊಳಗೆ ಕರೆಂಟು ನಿಂತಿರುತ್ತದೆ. ಜೀವ ಉಳಿಯುವ ಗುಟ್ಟು ಇದೇ.

ಆರ್‌ಸಿಸಿಬಿ ಮಾಡಲಾಗದ್ದು

ಹಾಗೆಂದು ಆರ್‌ಸಿಸಿಬಿಯನ್ನೂ ‘ಶಾಕ್ ಪ್ರೂಫ್’ ಎಂದು ಕರೆಯಲಾಗದು. ಶಾಕ್ ಹೊಡೆದೇ ಹೊಡೆಯುತ್ತದೆ. ಅದು ಮುಂದುವರಿಯದಂತೆ ಮಾತ್ರ ಈ ಸ್ವಿಚ್ಚು ತಡೆಯುತ್ತದೆ. ಸ್ಟೂಲಿನ ಮೇಲೆ ನಿಂತವರು ಆ ಪೆಟ್ಟಿಗೆ ಬೆಚ್ಚಿ ಕೆಳಗೆ ಬಿದ್ದು ಮೂಳೆ ಮುರಿದುಕೊಳ್ಳಬಹುದು.

ಒಂದು ಕೈಯಲ್ಲಿ ಫೇಸನ್ನೂ ಇನ್ನೊಂದು ಕೈಯಲ್ಲಿ ನ್ಯೂಟ್ರಲನ್ನೂ ಮುಟ್ಟಿ, ನೆಲಕ್ಕೆ ಸಂಪರ್ಕವಿಲ್ಲದೆ ನಿಂತಿದ್ದರೆ ಈ ಸ್ವಿಚ್ಚು ಬೀಳುವುದೇ ಇಲ್ಲ. ಹೋದ ಕರೆಂಟೆಲ್ಲ ಹಿಂದಿರುಗುತ್ತಿರುವುದರಿಂದ, ದೇಹವೂ ಅದಕ್ಕೆ ಒಂದು ಬಲ್ಬಿನಂತೆಯೇ ಕಾಣುತ್ತದೆ. ಹಾಗೆಯೇ ಅತಿ ಹೊರೆಯನ್ನಾಗಲಿ ಶಾರ್ಟ್ ಸರ್ಕಿಟನ್ನಾಗಲಿ ಅದು ತಡೆಯದು. ಅದಕ್ಕೆ ಎಂಸಿಬಿಯೇ ಬೇಕು. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿದ ಸಾಧನಕ್ಕೆ ಆರ್‌ಸಿಬಿಒ ಎಂದು ಹೆಸರು.

ಇನ್ವರ್ಟರ್ ಇರುವ ಮನೆಯವರು ಇನ್ನೊಂದು ಸಂಗತಿ ಗಮನಿಸಬೇಕು. ಕರೆಂಟ್ ಹೋದಾಗ ಇನ್ವರ್ಟರಿನಿಂದ ಬರುವ ಸರಬರಾಜು ಮುಖ್ಯ ಆರ್‌ಸಿಸಿಬಿಯನ್ನು ದಾಟಿಯೇ ಬರುತ್ತದೆಂಬ ಖಾತರಿ ಇಲ್ಲ. ಇನ್ವರ್ಟರಿನ ಸಾಲಿಗೂ ಪ್ರತ್ಯೇಕ ರಕ್ಷಣೆ ಇದೆಯೇ ಎಂದು ಎಲೆಕ್ಟ್ರಿಷಿಯನ್ನರನ್ನು ಕೇಳಿ.

ಆರ್‌ಸಿಸಿಬಿಯ ಮೇಲೆ ‘ಟಿ’ ಅಥವಾ ‘ಟೆಸ್ಟ್’ ಎಂಬ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಅದನ್ನು ಒತ್ತಿ. ಸ್ವಿಚ್ಚು ತಟ್ಟನೆ ಬೀಳಬೇಕು. ಬೀಳದಿದ್ದರೆ ಅದು ಇದ್ದೂ ಇಲ್ಲದಂತೆ, ಬದಲಾಯಿಸಿ. ಆದರೆ ಈ ಗುಂಡಿ ಸ್ವಿಚ್ಚನ್ನು ಮಾತ್ರ ಪರೀಕ್ಷಿಸುತ್ತದೆ. ಅರ್ಥಿಂಗ್ ಸರಿಯಿದೆಯೇ ಎಂಬುದನ್ನು ಎಲೆಕ್ಟ್ರಿಷಿಯನ್ನರೇ ಅಳೆದು ಹೇಳಬೇಕು.

ಮನೆಯಲ್ಲಿ, ತೋಟದಲ್ಲಿ ಜಾಗ್ರತೆ

* ಬಕೆಟ್ಟಿನಲ್ಲಿ ಮುಳುಗಿಸುವ ಕಾಯಿಲ್ ಹೀಟರ್ ಬಳಸುವವರು ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಬೇಕು. ನೀರು ಕಾದಿದೆಯೇ ಎಂದು ಬೆರಳದ್ದಿ ನೋಡುವ ಅಭ್ಯಾಸ ಪ್ರಾಣಕ್ಕೆ ಎರವಾದೀತು.

* ಬಟ್ಟೆ ಒಣಹಾಕಲು ಕಬ್ಬಿಣದ ತಂತಿಯ ಬದಲು ಪ್ಲಾಸ್ಟಿಕ್ ಹಗ್ಗ ಕಟ್ಟಿ. ಅದನ್ನು ವಿದ್ಯುತ್ ಕಂಬಕ್ಕಾಗಲಿ, ಸರ್ವಿಸ್ ತಂತಿ ಹಾದುಹೋಗುವ ಕೊಳವೆಗಾಗಲಿ ಕಟ್ಟಬೇಡಿ.

* ಒಂದು ಚೌಕದೊಳಗೆ ಇನ್ನೊಂದು ಚೌಕದ ಗುರುತಿರುವ ಉಪಕರಣಗಳಿಗೆ ಎರಡು ಪದರದ ಹೊದಿಕೆ ಇರುತ್ತದೆ. ಅವುಗಳಿಗೆ ಎರಡು ಪಿನ್ ಸಾಕು. ಆ ಗುರುತಿಲ್ಲದ ಮೂರು ಪಿನ್ನಿನ ಉಪಕರಣದ ಅರ್ಥ್ ಪಿನ್ನನ್ನು ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ತುರುಕಬೇಡಿ.

* ಹವಾಯಿ ಚಪ್ಪಲಿ ಹಾಕಿದರೆ ಶಾಕ್ ಹೊಡೆಯದು ಎಂದು ನಂಬಬೇಡಿ. ಚಪ್ಪಲಿ ಒದ್ದೆಯಾಗಿದ್ದರೆ, ಅಥವಾ ಇನ್ನೊಂದು ಕೈ ಗೋಡೆಗೋ ನಲ್ಲಿಗೋ ತಾಗಿದ್ದರೆ ಅದರಿಂದ ಪ್ರಯೋಜನವಿಲ್ಲ.

* ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಯನ್ನು ಒದ್ದೆ ಕೈಯಲ್ಲಿ ಮುಟ್ಟಬೇಡಿ. ಮೋಟಾರಿಗೂ ಡಬ್ಬಿಗೂ ಅರ್ಥಿಂಗ್ ಇರಲಿ. ಕಾಡುಹಂದಿ ತಡೆಯಲು ಬೇಲಿಗೆ ನೇರವಾಗಿ ಕರೆಂಟು ಹರಿಸುವುದು ಕಾನೂನಿಗೂ ವಿರುದ್ಧ, ಮನೆಯವರ ಪ್ರಾಣಕ್ಕೂ ಅಪಾಯ.

* ಕಡಿದು ಬಿದ್ದ ತಂತಿಯ ಹತ್ತಿರ ಹೋಗಬೇಡಿ. ಸುತ್ತಲಿನ ನೆಲದಲ್ಲೂ ಕರೆಂಟು ಹರಡಿರಬಹುದು. ದೂರ ನಿಂತು ಇತರರನ್ನೂ ತಡೆದು, 1912ಕ್ಕೆ ಫೋನ್ ಮಾಡಿ.

ಶಾಕ್ ಹೊಡೆದಾಗ

ಒಬ್ಬರಿಗೆ ಶಾಕ್ ಹೊಡೆದಾಗ ಬಿಡಿಸಲು ಹೋಗಿ ಇನ್ನೊಬ್ಬರು, ಅವರನ್ನು ಬಿಡಿಸಲು ಹೋಗಿ ಮತ್ತೊಬ್ಬರು ಸತ್ತ ಸುದ್ದಿಗಳನ್ನು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದುತ್ತೇವೆ. ಆದ್ದರಿಂದ ಮೊದಲ ನಿಯಮ: ಮುಟ್ಟಬೇಡಿ, ಮೇನ್ ಸ್ವಿಚ್ ಆರಿಸಿ. ಇನ್ವರ್ಟರ್ ಇದ್ದರೆ ಅದನ್ನೂ ಆರಿಸಿ. ಮೇನ್ ಸ್ವಿಚ್ ಎಲ್ಲಿದೆ ಎಂಬುದು ಮನೆಯ ಮಕ್ಕಳಿಗೂ ಗೊತ್ತಿರಬೇಕು. ಸ್ವಿಚ್ ಕೈಗೆಟುಕದಿದ್ದರೆ ಒಣ ಜಾಗದಲ್ಲಿ ನಿಂತು, ಒಣ ಮರದ ಕೋಲು ಅಥವಾ ಪ್ಲಾಸ್ಟಿಕ್ ಕುರ್ಚಿಯಿಂದ ತಂತಿಯನ್ನು ದೂರ ತಳ್ಳಿ. ಇದು ಮನೆಯ ವಿದ್ಯುತ್ತಿಗೆ ಮಾತ್ರ ಅನ್ವಯ. ಹೈಟೆನ್ಷನ್ ತಂತಿಯಾದರೆ ಕೋಲು ಹಿಡಿದೂ ಸಮೀಪಿಸಬಾರದು.

ಕರೆಂಟಿನಿಂದ ಬಿಡಿಸಿದ ಮೇಲೆ ಭುಜ ತಟ್ಟಿ ಕರೆಯಿರಿ. ಎಚ್ಚರವಿಲ್ಲದೆ, ಸರಿಯಾಗಿ ಉಸಿರಾಡದೆ ಇದ್ದರೆ 108ಕ್ಕೆ ಫೋನ್ ಮಾಡಿಸಿ, ತಡಮಾಡದೆ ಎದೆ ಒತ್ತಲು ಆರಂಭಿಸಿ. ರೋಗಿಯನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಒಂದು ಅಂಗೈಯ ಮೇಲೆ ಇನ್ನೊಂದನ್ನಿಟ್ಟು, ದೊಡ್ಡವರಿಗಾದರೆ ಸುಮಾರು 5 ಸೆಂಟಿಮೀಟರ್ ತಗ್ಗುವಂತೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ತರಬೇತಿ ಪಡೆದವರು 30 ಸಲ ಒತ್ತಿದ ಮೇಲೆ 2 ಸಲ ಬಾಯಿಯಿಂದ ಉಸಿರು ಕೊಡಬೇಕು. ತರಬೇತಿ ಇಲ್ಲದವರು ಎದೆ ಒತ್ತುವುದನ್ನಾದರೂ ನಿಲ್ಲಿಸದೆ ಮುಂದುವರಿಸಿ. ಅದುರುತ್ತಿರುವ ಹೃದಯವನ್ನು ಮತ್ತೆ ಲಯಕ್ಕೆ ತರಲು ಡಿಫಿಬ್ರಿಲೇಟರ್ ಬೇಕು. ಅದು ಬರುವವರೆಗೆ ಮಿದುಳಿಗೆ ರಕ್ತ ತಲುಪಿಸುವುದು ನಿಮ್ಮ ಕೈಗಳೇ.

ಮೈಮೇಲೆ ನೀರು ಸುರಿಯುವುದು, ಮಣ್ಣಿನಲ್ಲೋ ಸಗಣಿಯಲ್ಲೋ ಹೂಳುವುದು, ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕುವುದು ಇವನ್ನು ಮಾಡಬೇಡಿ. ದೇಹಕ್ಕೆ ‘ಅಂಟಿದ ಕರೆಂಟು’ ಎಂಬುದು ಇಲ್ಲ. ಸಂಪರ್ಕ ತಪ್ಪಿದ ಕ್ಷಣವೇ ರೋಗಿಯನ್ನು ಧಾರಾಳವಾಗಿ ಮುಟ್ಟಬಹುದು.

ಹೊರಗೆ ಸಣ್ಣ ಗಾಯ, ಒಳಗೆ?

ವಿದ್ಯುತ್ತಿನ ಸುಟ್ಟಗಾಯ ಮೋಸಗಾರ. ಚರ್ಮದ ಮೇಲೆ ಕಾಳಿನಷ್ಟು ಕಪ್ಪು ಕಲೆ ಕಂಡರೂ ಒಳಗೆ ಸ್ನಾಯುಗಳು ಬೆಂದಿರಬಹುದು. ಸ್ನಾಯುಗಳು ಹಾಳಾದಾಗ ಹೊರಬರುವ ಪದಾರ್ಥ ಮೂತ್ರಪಿಂಡಗಳಿಗೆ ಹಾನಿ ಮಾಡುತ್ತದೆ. ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು.

ಎಚ್ಚರ ತಪ್ಪಿದ್ದರೆ, ಎದೆನೋವು ಅಥವಾ ಎದೆ ಡವಗುಟ್ಟುವಿಕೆ ಇದ್ದರೆ, ಸುಟ್ಟಗಾಯ ಆಗಿದ್ದರೆ, ಕೆಳಗೆ ಬಿದ್ದಿದ್ದರೆ, ಗರ್ಭಿಣಿಯಾಗಿದ್ದರೆ, ಹೃದಯದ ಕಾಯಿಲೆ ಮೊದಲೇ ಇದ್ದರೆ ವೈದ್ಯರಲ್ಲಿಗೆ ಹೋಗಲೇಬೇಕು. ಹೈಟೆನ್ಷನ್ ತಂತಿಯ ಆಘಾತವಾದರೆ ಯಾವ ಲಕ್ಷಣವೂ ಇಲ್ಲದಿದ್ದರೂ ಹೋಗಬೇಕು. ಇಸಿಜಿ ಪರೀಕ್ಷೆ ಮಾಡಿ ವೈದ್ಯರು ನಿರ್ಧರಿಸುತ್ತಾರೆ. ಮನೆಯ ವಿದ್ಯುತ್ತಿನ ಸಣ್ಣ ಆಘಾತವಾಗಿ, ಬೇರಾವ ತೊಂದರೆಯೂ ಇಲ್ಲದೆ, ಇಸಿಜಿ ಸರಿಯಾಗಿದ್ದರೆ ಸಾಮಾನ್ಯವಾಗಿ ಮನೆಗೆ ಕಳಿಸುತ್ತಾರೆ. ವೈರ್ ಕಚ್ಚಿ ತುಟಿಯ ಅಂಚು ಸುಟ್ಟುಕೊಂಡ ಮಗುವಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಒಂದೆರಡು ವಾರದೊಳಗೆ ಹಕ್ಕಳೆ ಉದುರುವಾಗ ಇದ್ದಕ್ಕಿದ್ದಂತೆ ರಕ್ತಸ್ರಾವ ಆಗುವುದುಂಟು.

ಸಾಮಾನ್ಯ ಸಂದೇಹಗಳು

ಆರ್‌ಸಿಸಿಬಿ ಮಳೆಗಾಲದಲ್ಲಿ ಪದೇ ಪದೇ ಬೀಳುತ್ತದೆ. ಅದನ್ನು ತಪ್ಪಿಸಿ ನೇರ ಸಂಪರ್ಕ ಕೊಡಬಹುದೇ?

ಖಂಡಿತ ಕೂಡದು. ಎಲ್ಲೋ ಸೋರಿಕೆ ಇದೆ ಎಂದು ಅದು ಹೇಳುತ್ತಿದೆ. ಎಲ್ಲ ಪ್ಲಗ್ಗುಗಳನ್ನು ಕಿತ್ತು, ಒಂದೊಂದನ್ನೇ ಹಾಕುತ್ತ ಬನ್ನಿ. ಯಾವುದನ್ನು ಹಾಕಿದಾಗ ಬೀಳುತ್ತದೋ ಅದನ್ನು ರಿಪೇರಿಗೆ ಕೊಡಿ. ಎಲ್ಲ ಕಿತ್ತರೂ ಬಿದ್ದರೆ ದೋಷ ಗೋಡೆಯೊಳಗಿನ ವೈರಿಂಗಿನಲ್ಲಿರಬಹುದು. ಎಲೆಕ್ಟ್ರಿಷಿಯನ್ನರನ್ನು ಕರೆಸಿ.

ಫ್ರಿಜ್ಜು ಮುಟ್ಟಿದರೆ ಸ್ವಲ್ಪ ಜುಮ್ ಎನ್ನುತ್ತದೆ. ಅಪಾಯವೇ?

ಹೌದು. ಇಂದು ಜುಮ್ ಎಂದದ್ದು ನಾಳೆ ಒದ್ದೆ ಕಾಲಿನಲ್ಲಿ ಮುಟ್ಟಿದಾಗ ಜೀವ ತೆಗೆಯಬಹುದು. ಪ್ಲಗ್ ಕಿತ್ತಿಡಿ, ಉಪಕರಣವನ್ನೂ ಅರ್ಥಿಂಗನ್ನೂ ಪರೀಕ್ಷಿಸಿ.

ಹಳೆಯ ಮನೆಗೆ ಆರ್‌ಸಿಸಿಬಿ ಹಾಕಿಸಬಹುದೇ?

ಹಾಕಿಸಬಹುದು. ಹಳೆಯ ವೈರಿಂಗ್ ಇರುವಲ್ಲೇ ಅದರ ಅಗತ್ಯ ಹೆಚ್ಚು. ಲೈಸೆನ್ಸ್ ಇರುವವರಿಂದಲೇ ಕೆಲಸ ಮಾಡಿಸಿ.

ಇನ್ನು ಮುಂದೆ ಅಂಗಡಿಯಲ್ಲಿ ‘ಶಾಕ್ ಪ್ರೂಫ್ ತಾನೆ?’ ಎಂದು ಕೇಳುವ ಬದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ಉಪಕರಣಕ್ಕೆ ಎರಡು ಪದರದ ಹೊದಿಕೆಯಿದೆಯೇ, ಅಥವಾ ಅರ್ಥ್ ಬೇಕೇ? ನಮ್ಮ ಮನೆಯ ಅರ್ಥಿಂಗ್ ಸರಿಯಿದೆಯೇ? 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದೆಯೇ? ಕೊನೆಯ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ಇವತ್ತೇ ಮೀಟರ್ ಬೋರ್ಡಿನ ಮುಚ್ಚಳ ತೆರೆದು, ಟೆಸ್ಟ್ ಗುಂಡಿಯುಳ್ಳ ಸ್ವಿಚ್ಚು ಇದೆಯೇ ಎಂದು ನೋಡಿ.